ತಲೆಕೆಳಗಾಗಿ ಕಂಡ ಚಿರತೆ

ನಾವು ಮಧುಗಿರಿಯಲ್ಲಿದ್ದಾಗ ನಮ್ಮ ಯಜಮಾನರು ಕೆರೆ ಕಾಲುವೆಗಳ ಓವರ್ಸಿಯರ್ ಆಗಿದ್ದರು. ಚಿರತೆಯ ಪಟ ತೆಗೆಯಬೇಕೆಂಬುದು ಅವರಿಗೆ ಹಿಡಿದಿದ್ದ ಹುಚ್ಚು. ಕೊಂದ ಚಿರತೆಯ ಮೇಲೆ ಕಾಲಿಟ್ಟು ತೆಗೆಸಿಕೊಂಡ ಪಟಗಳು ದೊಡ್ಡವರ ಮನೆಗಳಲ್ಲಿ ಬೇಕಾದಷ್ಟಿದ್ದವು. ಇವರಿಗೆ ಬೇಕಾಗಿದ್ದದ್ದು ಬದುಕಿರುವ ಚಿರತೆ.

ಪುರವರದ ಆಚೆಯ ಗುಡ್ಡಕ್ಕೆ ಒಂದು ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದರು. ಗಾಡಿಯವನು ಬುಡದಲ್ಲೇ ಎತ್ತು ಬಿಚ್ಚಿದ.

“ಇನ್ನಷ್ಟು ಮುಂದಕ್ಕೆ ಹೊಡಿಯೋ,” ಎಂದರು ಇವರು.

“ಬುಡಿ ಬುದ್ಧಿ, ಎತ್ತು ಮೂಗರಳಿಸ್ತಾವೆ. ನಿಮಗೆ ಪಟ ಬೇಕು, ನಂಗೆ ಎತ್ತು ಬೇಕು.” ನನ್ನ ಕಡೆ ತಿರುಗಿ, “ನೀವ್ಯಾಕವ್ವಾ ಹೋಗ್ತೀರಿ? ಅದೇನು ನಿಮಗೆ ಕುಂಕುಮ ಕೊಟ್ಟು ಕಳಿಸ್ತದಾ?” ಎಂದ.

ನಕ್ಕೆನಾದರೂ, ನೊಣವಿಲ್ಲದಿದ್ದರೂ ಎತ್ತಿನ ಚರ್ಮ ಅದುರುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು.

ಮೇಲೆ ಬಂಡೆಗಳ ಎದುರು ಇವರು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿದರು. ಚಿರತೆ ಬಿಸಿಲಿಗೆ ಮೈ ಕಾಯಿಸಲು ಇಳಿಹೊತ್ತಿಗೆ ಅಲ್ಲಿಗೆ ಬರುತ್ತದೆಂದು ಕುರಿಗಾಹಿಗಳು ಹೇಳಿದ್ದರಂತೆ. ಅಷ್ಟರೊಳಗೆ ಎಲ್ಲ ಸಿದ್ಧಮಾಡಿಡಬೇಕೆಂಬುದು ಇವರ ಲೆಕ್ಕ. ಒಂದು ಜಾಲಿ ಕೊಂಬೆ ನೋಟಕ್ಕೆ ಅಡ್ಡ ಬರುತ್ತಿತ್ತು. ಅದನ್ನು ಮುರಿಯಲು ತಾವು ಹೊರಟು, ನನ್ನನ್ನು ಕ್ಯಾಮೆರಾದ ಹಿಂದೆ ಇಳಿಬಿಟ್ಟ ಕಪ್ಪು ಬಟ್ಟೆಯೊಳಗೆ ನಿಲ್ಲಿಸಿದರು.

“ಹತ್ತಿರ ಹೋದ್ರೆ ಯಾವ ಕೊಂಬೆ ಅಂತ ಗೊತ್ತಾಗಲ್ಲ. ಎಡಕ್ಕೋ ಬಲಕ್ಕೋ ಅಲ್ಲಿಂದಲೇ ಹೇಳ್ತಾ ಇರು.”

ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನಲ್ಲಿ ಎಲ್ಲವೂ ತಲೆಕೆಳಗು: ಆಕಾಶ ಕೆಳಗೆ, ಬಂಡೆ ಮೇಲೆ. ಇವರು ಬಾವಲಿಯ ಹಾಗೆ ತೂಗಾಡುತ್ತಾ ನಡೆದರು. ಕೊಂಬೆ ಎಡಗಡೆ ಕಂಡಿತು.

“ಎಡಕ್ಕೆ,” ಎಂದೆ. “ಇನ್ನೂ ಎಡಕ್ಕೆ.”

ಇವರು ಕೊಂಬೆಯಿಂದ ದೂರವೇ ಸರಿಯುತ್ತಿದ್ದರು. ಗಾಜಿನಲ್ಲಿ ಎಡಬಲವೂ ಅದಲುಬದಲಾಗುತ್ತದೆ ಎಂಬುದು ನನಗೆ ಹೊಳೆದದ್ದು ಆಗ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಹೋಗುತ್ತಿದ್ದ ಕಡೆ, ಬಂಡೆಗಳ ಸಂದಿನಲ್ಲಿ, ಒಂದು ಕಂದು ತೇಪೆ ಉಬ್ಬಿ ಇಳಿಯಿತು.

ಬಟ್ಟೆಯಿಂದ ತಲೆ ಹೊರಗೆ ತೆಗೆದು ನೋಡಿದೆ. ಬರೀ ಬಂಡೆ, ಒಣ ಹುಲ್ಲು, ಬಿಸಿಲಿನ ಚುಕ್ಕಿಗಳು. ಮತ್ತೆ ಒಳಗೆ ನೋಡಿದೆ. ತಲೆಕೆಳಗಾದ ಮೇಲೆ ಬಂಡೆ ಬಂಡೆಯಾಗಿ ಉಳಿದಿರಲಿಲ್ಲ, ಬಣ್ಣದ ತೇಪೆಗಳಷ್ಟೇ. ಅವುಗಳಲ್ಲಿ ಒಂದು ಉಸಿರಾಡುತ್ತಿತ್ತು. ಅದಕ್ಕೆ ಕಿವಿಯೂ ಇತ್ತು. ಕಿವಿ ಇವರ ಕಡೆ ತಿರುಗಿತು.

ಕಿರುಚಿದರೆ ಇವರು ಅಲ್ಲೇ ನಿಂತು “ಏನೇ ಅದು?” ಎಂದು ಕೇಳುವವರು. ಓಡಿದರೆ ಅದು ಬೆನ್ನಟ್ಟುತ್ತದೆ. ನಡುಗುವಾಗ ದನಿ ತಗ್ಗಿಸಬೇಕೆಂದು ಶಾಲೆಯಲ್ಲಿ ನಾನು ಪದ್ಯ ಒಪ್ಪಿಸುವಾಗಲೆಲ್ಲ ಕಾನ್ವೆಂಟಿನ ಸಿಸ್ಟರು ಹೇಳುತ್ತಿದ್ದರು.

“ರೀ, ಕಾಫಿ ಆರಿಹೋಗ್ತಿದೆ. ಬನ್ನಿ,” ಎಂದೆ, ಅಡುಗೆಮನೆಯಿಂದ ಕರೆದಂತೆ.

“ಈಗಲೇ ಏನು ಅವಸರ? ಕೊಂಬೆ ಎಲ್ಲೇ?”

“ಆಮೇಲೆ ಮುರಿದರಾಯಿತು. ಬಿಸಿ ಮಾಡೋಕೆ ಇಲ್ಲಿ ಒಲೆ ಇಲ್ಲ.”

“ಹೆಂಗಸರನ್ನ ಕರ್ಕೊಂಡು ಬಂದ್ರೆ ಇಷ್ಟೇ,” ಎಂದು ಗೊಣಗುತ್ತಾ ತಿರುಗಿದರು. ನಿಧಾನವಾಗಿ ಬಂದರು. ಅರ್ಧ ದಾರಿಯಲ್ಲಿ ನಿಂತು ಚಪ್ಪಲಿಗೆ ಚುಚ್ಚಿದ ಮುಳ್ಳು ಬೇರೆ ತೆಗೆದರು.

“ಎಲ್ಲಿ ಕಾಫಿ?”

“ಗಾಡಿಯಲ್ಲಿದೆ. ಮೊದಲು ಇದನ್ನು ನೋಡಿ.” ಅವರ ತಲೆಯ ಮೇಲೆ ಬಟ್ಟೆ ಎಳೆದೆ.

ಒಳಗಿನಿಂದ ಗೊಣಗಾಟ ಕೇಳಿಸಿತು, ನಂತರ ಅದೂ ನಿಂತಿತು. ಬಟ್ಟೆಯಡಿಯಿಂದ ಒಂದು ಕೈ ಹೊರಗೆ ಬಂತು. ಪಟ ಮೂಡುವ ಗಾಜಿನ ಪ್ಲೇಟು ಕೇಳುತ್ತಿದ್ದಾರೆಂದು ಪ್ಲೇಟುಗಳ ಪೆಟ್ಟಿಗೆ ಮುಂದೆ ಹಿಡಿದೆ. ಇಷ್ಟು ವರ್ಷ ಕಾದದ್ದು ಎದುರಿಗೇ ಇತ್ತು, ಬಿಡುತ್ತಾರೆಯೇ ಎಂದುಕೊಂಡೆ. ಕೈ ಪೆಟ್ಟಿಗೆಯನ್ನು ದಾಟಿ ಬಂದು ನನ್ನ ಮಣಿಕಟ್ಟು ಹಿಡಿಯಿತು. ಮಂಜಿನಂತೆ ತಣ್ಣಗಿತ್ತು.

ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಬಂಡೆಗಳಿಗೆ ಬೆನ್ನು ತೋರಿಸದೆ, ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದೆವು.

“ಪಟ ಸಿಕ್ತಾ ಬುದ್ಧಿ?” ಎಂದ ಗಾಡಿಯವನು.

“ಗಾಡಿ ಹೂಡಯ್ಯ,” ಎಂದರು ಇವರು. ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.