ಮಾರಾಟವಾದ ದನಿ

ಉತ್ತರ ಕೊಡುವ ಮುನ್ನ ನೀಲಾಂಬಿಕೆಯವರು ಒಮ್ಮೆ ಬಲಗಡೆಗೆ ನೋಡುತ್ತಿದ್ದರು. ಬಲಗಡೆ ಯಾರೂ ಇರುತ್ತಿರಲಿಲ್ಲ. ಕಾಫಿ ಬೇಕೆ ಎಂದು ಕೇಳಿದರೂ ಅಷ್ಟೆ. ಆ ಕಡೆ ನೋಡಿ, ಅರೆಕ್ಷಣ ಕಾದು, "ಅರ್ಧ ಲೋಟ ಸಾಕು" ಎನ್ನುತ್ತಿದ್ದರು.

ದೂರದೇಶವೊಂದರ ಸರ್ಕಾರಿ ಬಾನುಲಿಯ ಕನ್ನಡ ವಿಭಾಗದಲ್ಲಿ ಅವರು ವಾರ್ತೆ ಓದುತ್ತಿದ್ದರು. ಕನ್ನಡ ಕಲಿತ ಅಲ್ಲಿನ ಅಧಿಕಾರಿಯೊಬ್ಬ ಪ್ರತಿ ಹಾಳೆಗೂ ಸಹಿ ಹಾಕಿ, ಬಲಗಡೆಯ ಗಾಜಿನಾಚೆ ಕೂತು, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದ. ಬರೆದದ್ದನ್ನು ಬಿಟ್ಟು ಬೇರೆ ಪದ ಬಂದರೆ ದನಿ ನಿಲ್ಲಿಸುವುದು ಅವನ ಕೆಲಸ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಬದಲಾಯಿತು. ಹೊಸಬರು ವಿಭಾಗವನ್ನು ಮುಚ್ಚಿ, ಪ್ರಸಾರದ ಯಂತ್ರಗಳನ್ನೂ ಹಳೆಯ ಟೇಪುಗಳನ್ನೂ ಒಂದು ಖಾಸಗಿ ಕಂಪನಿಗೆ ಮಾರಿದರು. ನೀಲಾಂಬಿಕೆಯವರು ಸರಸ್ವತಿಪುರಂಗೆ, ತಮ್ಮನ ಮನೆಯ ಮಹಡಿಗೆ ಬಂದರು. ನಾನು ಎದುರು ಮನೆಯವನು, ಸಂಜೆ ಪತ್ರಿಕೆಯೊಂದರ ಉಪಸಂಪಾದಕ.

ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಅವರ ದನಿ ಒಡೆದಿತ್ತು. ಭಾಷೆ ಮಾತ್ರ ಹಾಗೇ ಉಳಿದಿತ್ತು. "ದಯವಿಟ್ಟು ಎಳೆಯ ಬದನೆಕಾಯಿಗಳನ್ನು ಆರಿಸಿ ಕೊಡಿ" ಎಂದರೆ ತರಕಾರಿ ಗಾಡಿಯ ಸಿದ್ದ ಕೈಕಟ್ಟಿ ನಿಲ್ಲುತ್ತಿದ್ದ.

"ವಾರ್ತೆ ಮುಗೀತಾ ಅಮ್ಮೋರೆ? ತೂಗ್ಬುಡ್ಲಾ?"

"ಮುಗೀತು ಕಣೋ, ತೂಗು."

ಕೆಲವು ವರ್ಷಗಳ ನಂತರ ಒಂದು ಸಂಜೆ ರೇಡಿಯೊದಲ್ಲಿ ಅವರ ದನಿ ಮತ್ತೆ ಬಂತು: "ಪ್ರಿಯ ಕೇಳುಗರೆ, ನಮಸ್ಕಾರ. ನಾನು ನೀಲಾಂಬಿಕೆ." ಹಳೆಯ ಟೇಪು. ಅದು ಮುಗಿದೊಡನೆ ಯಾವನೋ ಗಂಡಸು ಸಕ್ಕರೆ ಕಾಯಿಲೆಗೆ ಪುಡಿ ಮಾರತೊಡಗಿದ. ಆ ಹೊತ್ತನ್ನು ಕಂಪನಿಯಿಂದ ಬಾಡಿಗೆಗೆ ಪಡೆದಿದ್ದ. ಮರುದಿನವೂ ಹಾಗೆಯೇ. ನೀಲಾಂಬಿಕೆಯವರು ಕಂಪನಿಗೆ ಬರೆದರು. ಟೇಪುಗಳು ತಮ್ಮ ಸ್ವತ್ತು ಎಂದು ಉತ್ತರ ಬಂತು.

"ಆಗ ನಾನು ಹೇಳೋದಕ್ಕೆಲ್ಲ ಆ ಗಾಜಿನಾಚೆಯವನ ಸಹಿ ಇರ್ತಿತ್ತು. ಸುಳ್ಳಾದ್ರೆ ಬೈಯೋಕೆ ಒಬ್ಬನಾದ್ರೂ ಸಿಗ್ತಿದ್ದ. ಈಗ ಬೈಯೋಣ ಅಂದ್ರೂ ಯಾರಿಲ್ಲ ಕಣ್ರೀ" ಎಂದರು.

ರೇಡಿಯೊದ ನೀಲಾಂಬಿಕೆಯವರು ಇದೇ ಊರಿನಲ್ಲಿದ್ದಾರೆಂದು ಯಾರಿಂದಲೋ ತಿಳಿದ ರಾಜೀವನಗರದ ಜುಬೇದಾ ಬಿ, ನಮ್ಮ ಪತ್ರಿಕೆಯ ಕಚೇರಿಯಲ್ಲಿ ವಿಳಾಸ ಕೇಳಿಕೊಂಡು ಅವರ ಮನೆಗೆ ಬಂದರು. ಗಂಡ ಇಬ್ರಾಹಿಂ ಸಾಹೇಬರು ನಿವೃತ್ತ ಬಸ್ ಚಾಲಕ. "ನಿಮ್ಮ ಮಾತು ನಂಬಿ ಪುಡಿ ತಗೊಂತಾವ್ರೆ. ಸೂಜಿ ಬಿಟ್ಬುಟ್ರು. ಕಣ್ಣು ಮಂಜಾಗೋಗದೆ. ನೀವೇ ಬಂದು ಹೇಳಿ."

ನಾನೂ ಜೊತೆಗೆ ಹೋದೆ. ನಡುಮನೆಯ ಮಂಚದ ಮೇಲೆ ಕೂತಿದ್ದ ಇಬ್ರಾಹಿಂ ಸಾಹೇಬರು ಆ ಒಡಕು ದನಿಯನ್ನು ಪೂರ್ತಿ ಕೇಳಿಸಿಕೊಂಡು, "ನೀವು ಯಾರೋ ತಾಯಿ. ಅವರ ದನಿ ನಂಗೊತ್ತು. ಬಸ್ ಓಡಿಸೋ ಕಾಲದಿಂದ ಕೇಳ್ತಿದೀನಿ" ಎಂದರು. ನೀಲಾಂಬಿಕೆಯವರು ಬಲಗಡೆಗೆ ನೋಡಿದರು.

ಮರುವಾರ ಸಂಜೆ ಅದೇ ಮನೆಗೆ ಹಿಂಬಾಗಿಲಿನಿಂದ ಹೋದೆವು. ರೇಡಿಯೊ ಇದ್ದದ್ದು ಒಳಕೋಣೆಯಲ್ಲಿ, ಇಬ್ರಾಹಿಂ ಸಾಹೇಬರು ಕೇಳುತ್ತಿದ್ದದ್ದು ನಡುಮನೆಯ ಮಂಚದಿಂದ. ಟೇಪಿನ ನಮಸ್ಕಾರ ಮುಗಿಯುತ್ತಲೇ ಜುಬೇದಾ ಬಿ ಅದನ್ನು ಆರಿಸಿದರು. ನೀಲಾಂಬಿಕೆಯವರು ಗಂಟಲನ್ನು ಕೈಯಲ್ಲಿ ಒತ್ತಿ ಹಿಡಿದು ಮುಂದುವರಿಸಿದರು: "ಸಕ್ಕರೆ ಕಾಯಿಲೆ ಇರುವವರು ವೈದ್ಯರು ಹೇಳಿದ ಸೂಜಿಯನ್ನು ಬಿಡಬಾರದು. ಪುಡಿಯಿಂದ ಕಾಯಿಲೆ ವಾಸಿಯಾಗುವುದಿಲ್ಲ. ಇಲ್ಲಿಗೆ ಈ ಪ್ರಸಾರ ಮುಗಿಯಿತು." ಒಡಕಿಲ್ಲದ ಹಳೆಯ ದನಿಯೇ.

ಹೊರಗಿನಿಂದ ಇಬ್ರಾಹಿಂ ಸಾಹೇಬರು ಕೂಗಿದರು: "ಕೇಳಿದ್ಯಾ? ನಾಳೆ ಸೂಜಿ ತರ್ಸು."

ಆಟೋದಲ್ಲಿ ನೀಲಾಂಬಿಕೆಯವರಿಗೆ ಮಾತು ಹೊರಡುತ್ತಿರಲಿಲ್ಲ. ಮನೆಯ ಮುಂದೆ ಇಳಿದ ಮೇಲೆ ಪಿಸುಗುಟ್ಟಿದರು: "ಸುಳ್ಳು ಹೇಳ್ಲಿಲ್ಲ. ಆದ್ರೂ ಮೋಸ ಮಾಡ್ದೆ."

ಅವರ ದನಿ ಆಮೇಲೆ ಪಿಸುಮಾತಿಗಿಂತ ಮೇಲೆ ಏಳಲಿಲ್ಲ. ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಸಮಾಧಿಗೆ ಮಣ್ಣು ಹಾಕಿ ಬಂದು ನಾನೇ ಸುದ್ದಿ ಬರೆದೆ. ಹೆಸರು, ಮಾಡಿದ ಕೆಲಸ, ಬಂಧುಗಳು, ಅಷ್ಟೆ.

ಮರುದಿನ ಕಚೇರಿಗೆ ಫೋನ್ ಬಂತು. ಇಬ್ರಾಹಿಂ ಸಾಹೇಬರು.

"ಮೊಮ್ಮಗಳು ಓದಿ ಹೇಳಿದ್ಲು. ಎಂಥ ಸುದ್ದಿ ಹಾಕಿದೀರಿ ಸಾರ್?"

"ನಿಜ ಸಾಹೇಬರೆ. ನಾನೇ ಮಣ್ಣಿಗೆ ಹೋಗಿದ್ದೆ."

"ಅದು ಬೇರೆ ಯಾರೋ. ಅದೇ ಹೆಸರು ಹೇಳ್ಕೊಂಡು ಒಬ್ರು ನಮ್ಮನೆಗೂ ಬಂದಿದ್ರು. ನಂಗೆ ಸೂಜಿ ಬಿಡ್ಬೇಡ ಅಂದು ಕಣ್ಣು ಉಳಿಸಿದೋರು ನಿನ್ನೆ ಸಂಜೆನೂ ನಮಸ್ಕಾರ ಹೇಳವ್ರೆ. ತಿದ್ದುಪಡಿ ಹಾಕಿ."

ಸುದ್ದಿ ತಪ್ಪಿದ್ದರೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ಕಚೇರಿಯ ನಿಯಮ. ನೋಡುತ್ತೇನೆ ಎಂದು ಫೋನ್ ಇಟ್ಟೆ.