ಗೈರಾಗದ ಹುಡುಗಿ

ಶಹಾಬಾದ್ ಕಡೆಯ ಕಲ್ಲುಗಣಿಗಳ ನಡುವಿನ ನಮ್ಮ ಶಾಲೆಗೆ ಹಾಜರಿ ಹಾಕುವ ಟ್ಯಾಬ್ ಬಂದಾಗ ಎಲ್ಲರಿಗಿಂತ ಹಿಗ್ಗಿದವರು ಮೂರನೇ ತರಗತಿಯ ಟೀಚರ್. ಅದರ ಮೇಲೆ ಕೂತ ಫರ್ಶಿಕಲ್ಲಿನ ಧೂಳನ್ನು ಸೆರಗಿನಿಂದ ಒರೆಸುತ್ತ, "ಮಷೀನ್ ಸುಳ್ಳ ಹೇಳಂಗಿಲ್ರಿ ಸರ್," ಎನ್ನುತ್ತಿದ್ದರು. ಮಗು ಗೈರಾದರೆ ಟ್ಯಾಬ್ ತಾನೇ ಮನೆಗೆ ಸಂದೇಶ ಕಳಿಸುತ್ತಿತ್ತು.

ಅವರ ತರಗತಿಯ ಹುಡುಗಿಯೊಬ್ಬಳು ನೀರು ತುಂಬಿದ ಗಣಿಯಲ್ಲಿ ಮುಳುಗಿ ಸತ್ತಳು. ಟ್ಯಾಬಿನಿಂದ ಅವಳ ಹೆಸರು ತೆಗೆಯಲು ಮೇಲಿನ ಕಚೇರಿ ಒಪ್ಪಬೇಕಿತ್ತು. ಒಪ್ಪಿಗೆ ಬರಲಿಲ್ಲ, ಟೀಚರ್ ದಿನವೂ ಗೈರು ಒತ್ತಿದರು. ವಾರದ ಮೇಲೆ ಓದು ಬಾರದ ತಾಯಿ ಮೊಬೈಲ್ ಹಿಡಿದು ಬಂದಳು.

"ದಿನಾ ಏನೋ ಬರ್ಲಿಕತ್ತದ. ಓದಿ ಹೇಳ್ರಿ ಟೀಚರ್."

ಟೀಚರ್ ಮನಸ್ಸಿನಲ್ಲೇ ಓದಿಕೊಂಡರು: ನಿಮ್ಮ ಮಗಳು ಇಂದು ಶಾಲೆಗೆ ಬಂದಿಲ್ಲ.

"ಏನಿಲ್ಲವ್ವ, ಸಿಮ್ ಕಂಪನಿದವ್ರದು."

ಮರುದಿನದಿಂದ ಆ ಹೆಸರಿಗೆ ಹಾಜರಿ ಒತ್ತತೊಡಗಿದರು. ಅಲ್ಲಿಂದ ವರ್ಷ ಮುಗಿಯುವವರೆಗೆ ಒಂದು ದಿನವೂ ಶಾಲೆ ತಪ್ಪಿಸದ ಮಗು ಅವಳೊಬ್ಬಳೇ.