ಹೊಲಿಗೆ ಅಕ್ಕೋರ ನೀಲಾ

ಕಳೆದ ವಾರ ಸವದತ್ತಿಯಿಂದ ಬಂದ ಒಬ್ಬ ಹೆಣ್ಣುಮಗಳು ಬೈಲಹೊಂಗಲದ ನನ್ನ ಬ್ಲೌಸಿನ ಅಂಗಡಿಯಲ್ಲಿ ಖಣದ ಬಟ್ಟೆಯ ಒಂದು ಸಣ್ಣ ಚೀಲವನ್ನು ನನ್ನ ಕೈಗಿಟ್ಟು ಹೋದಳು. ಒಳಗೆ ಹಳೆಯದೊಂದು ಇ-ರೀಡರ್ ಇತ್ತು, ಪುಸ್ತಕ ಓದುವ ಆ ತೆಳ್ಳನೆಯ ಯಂತ್ರ. ಚೀಲದ ಬಾಯಿ ಬಿಚ್ಚಿದೊಡನೆ ಲವಂಗದ ವಾಸನೆ ಬಂತು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಅಳತೆ ಕೊಡಲು ನಿಂತಿದ್ದವರು ಏನಾಯಿತೆಂದು ಕೇಳಿದರು. ಏನಿಲ್ಲ, ನಮ್ಮ ಅಕ್ಕೋರು ಬಂದರು ಅಂದೆ. ಪಾಪ, ಅವರು ಬಾಗಿಲ ಕಡೆ ತಿರುಗಿ ನೋಡಿದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತೇವೆ. ನಾನು ಮುರಗೋಡದಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ನಮಗೆ ಹೊಲಿಗೆ ಕಲಿಸಿದವರು ಇವರು. ಗಿಡ್ಡ ಆಳು, ದಪ್ಪ ಕನ್ನಡಕ, ಒಂದು ದವಡೆಯಲ್ಲಿ ಯಾವಾಗಲೂ ಲವಂಗ. ಹೊಲಿಗೆ ಸೊಟ್ಟಗಾದರೆ ಬೈಯುತ್ತಿರಲಿಲ್ಲ. ನಮ್ಮೆದುರಿಗೇ ದಾರವನ್ನು ಪರ್ರನೆ ಎಳೆದು ಬಟ್ಟೆಯನ್ನು ಮತ್ತೆ ನಮ್ಮ ತೊಡೆಯ ಮೇಲೆ ಹಾಕುತ್ತಿದ್ದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು ಅನಿಸುತ್ತಿತ್ತು ನಮಗೆ.

ಶನಿವಾರ ಮುಂಜಾನೆಯ ಶಾಲೆ. ಕೊನೆಯ ತಾಸು ಹೊಲಿಗೆಯದು. ಇಡೀ ತರಗತಿಯ ಹುಡುಗಿಯರು ನೆಲದ ಮೇಲೆ ಕೂತು ಸೂಜಿ ಹಿಡಿದರೆ ಬಾಯಿ ಸುಮ್ಮನಿರುತ್ತದೆಯೇ? ಅದಕ್ಕೆ ಅಕ್ಕೋರು ಒಂದು ಉಪಾಯ ಕಂಡುಕೊಂಡಿದ್ದರು. ಕಂದು ಕಾಗದದ ಹೊದಿಕೆ ಹಾಕಿದ ಒಂದು ವಾರಪತ್ರಿಕೆ ತಂದು, ಅದರಲ್ಲಿ ಬರುತ್ತಿದ್ದ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಕಥೆ. ಗುಂಡಿಯ ಕಾಜಾ ಮಾಡುವುದನ್ನು ನಾನು ಕಲಿತದ್ದು ಆ ಕಥೆ ಕೇಳುತ್ತಲೇ. ಇಂದಿಗೂ ಕಾಜಾ ಮಾಡುವಾಗ ಅವರ ದನಿ ಕೇಳಿದ ಹಾಗಾಗುತ್ತದೆ...

ಕಥೆ ನೀಲಾ ಎಂಬ ಹುಡುಗಿಯದು. ನಮ್ಮ ಊರ ಹತ್ತಿರದ್ದೇ ಒಂದು ಹಳ್ಳಿಯವಳು, ನಮಗಿಂತ ಒಂದೆರಡು ವರ್ಷ ದೊಡ್ಡವಳು. ನರ್ಸ್ ಆಗಬೇಕೆಂಬ ಆಸೆ ಅವಳಿಗೆ. ಬೆಳಗಾವಿಯಿಂದ ತರಬೇತಿಗೆ ಕರೆ ಬರುತ್ತದೆ. ಹೋಗಿ ಸೇರಬೇಕಾದ ದಿನವೇ ಮನೆಯಲ್ಲಿ ಅವಳ ನಿಶ್ಚಯ ಇಟ್ಟುಕೊಂಡಿರುತ್ತಾರೆ. ಹುಡುಗ ಕೆಟ್ಟವನಲ್ಲ, ಅವ್ವ ಕೆಟ್ಟವಳಲ್ಲ. ಅದೇ ಆ ಕಥೆಯ ಪೀಕಲಾಟ. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ನೀಲಾ ಬೆಳಗಾಗುವುದರೊಳಗೆ ಒಂದು ಕೈಚೀಲ ಹಿಡಿದು ಊರ ಹೊರಗಿನ ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತಾಳೆ. ಬಸ್ಸು ಬರುತ್ತದೆ. ಹಿಂದಿನಿಂದ ಅವ್ವ ಓಡಿ ಬರುತ್ತ ನೀಲಾ ಎಂದು ಕೂಗುತ್ತಾಳೆ.

ಅಲ್ಲಿಗೆ ಅಕ್ಕೋರು ಪತ್ರಿಕೆ ಮಡಚಿದರು. "ಮುಂದಿಂದು ನೀವ ಬರಕೊಂಡ ಬರ್ರಿ. ನೀಲಾ ಏನ ಮಾಡಿದ್ಲು?" ಅಂದರು.

ಮುಂದಿನ ಶನಿವಾರ ಎಲ್ಲರೂ ಬರೆದುಕೊಂಡು ಬಂದೆವು. ಒಬ್ಬೊಬ್ಬರೂ ಎದ್ದು ಓದಿದೆವು. ಹೇಳುವುದೇನು, ಒಬ್ಬರೂ ಬಿಡದೆ ನೀಲಾಳನ್ನು ಮನೆಗೆ ಕರೆತಂದಿದ್ದೆವು. ನನ್ನ ನೀಲಾ ಅವ್ವನನ್ನು ತಬ್ಬಿಕೊಂಡು ಅತ್ತು, ಮನೆಗೆ ಬಂದು ಹೊಸ ಸೀರೆ ಉಟ್ಟಿದ್ದಳು. ಸೀರೆಯ ಅಂಚಿನ ಬಣ್ಣವನ್ನೂ ಬರೆದಿದ್ದೆ. ಬೇರೆ ಏನಾದರೂ ಆಗಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ. ಅಕ್ಕೋರು ಎಲ್ಲವನ್ನೂ ಕೇಳಿ, ದವಡೆಯ ಲವಂಗವನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ಛಲೋ ಬರೆದಿದ್ದೀರಿ ಅಂದರು. ಆದರೆ ಮುಖ ಮಾತ್ರ ಸೊಟ್ಟ ಹೊಲಿಗೆ ಕಂಡಾಗ ಇರುತ್ತಿದ್ದ ಹಾಗೆ ಇತ್ತು.

ಪತ್ರಿಕೆಯಲ್ಲಿ ಏನಿತ್ತು, ಅದನ್ನು ಓದಿರಿ ಎಂದು ಗಂಟುಬಿದ್ದೆವು. ಮುಂದಿನ ಸಂಚಿಕೆ ಇನ್ನೂ ಬಂದಿಲ್ಲ ಅಂದರು. ಪ್ರತಿ ವಾರವೂ ಇದೇ ಉತ್ತರ. ನಮ್ಮಲ್ಲೊಬ್ಬಳು ಟಪಾಲಿನವನ ಸೈಕಲ್ ಅಡ್ಡಗಟ್ಟಿ, ಅಕ್ಕೋರ ಪತ್ರಿಕೆಯನ್ನು ಏನು ಮಾಡಿದೆ ಎಂದು ಕೇಳಿದ್ದಳು. ಅವನು ಕಕ್ಕಾಬಿಕ್ಕಿ. ಅಷ್ಟರಲ್ಲಿ ಪರೀಕ್ಷೆ ಬಂತು, ರಜೆ ಬಂತು. ಶಾಲೆ ತಿರುಗಿ ತೆರೆದಾಗ ಅಕ್ಕೋರು ಇರಲಿಲ್ಲ. ವರ್ಗವಾಗಿತ್ತು. ನಮ್ಮ ಮೇಲೆ ಬೇಸರ ಮಾಡಿಕೊಂಡು ಹೋದರೇನೋ ಎಂಬ ಅನುಮಾನ ಮಾತ್ರ ನನ್ನಲ್ಲಿ ಉಳಿಯಿತು. ಮುಳ್ಳು ಮುರಿದು ಒಳಗೇ ಉಳಿದರೆ ಹೇಗೋ ಹಾಗೆ, ಯಾವಾಗಾದರೂ ಒಮ್ಮೆ ಚುಚ್ಚುತ್ತಿತ್ತು.

ಮುಂದೆ ನನ್ನ ಮದುವೆಯಾಯಿತು, ಬೈಲಹೊಂಗಲಕ್ಕೆ ಬಂದೆ. ನನ್ನನ್ನು ಕರೆಯಲು ಯಾವ ಬಸ್ಸೂ ಬಂದಿರಲಿಲ್ಲ, ಬಂದಿದ್ದರೆ ಹತ್ತುತ್ತಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು. ಹೊಲಿಗೆ ಕೈ ಹಿಡಿಯಿತು. ಅಂಗಡಿ ಇಟ್ಟೆ. ಮಗಳು ದೊಡ್ಡವಳಾಗಿ ಬೆಳಗಾವಿಯಲ್ಲಿ ಫಾರ್ಮಸಿ ಓದಲು ಹೋದಳು.

ಆ ಮಗಳಿಂದಲೇ ಇದೆಲ್ಲ ಮತ್ತೆ ಶುರುವಾದದ್ದು. ಅವಳು ಯಾವಾಗ ನೋಡಿದರೂ ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದಳು. ಪ್ರೇಮಪತ್ರವಿರಬೇಕೆಂದು ನಾನು ಒಳಗೊಳಗೇ ಹೆದರಿದ್ದೆ. ಕೇಳಿದರೆ ಫ್ಯಾನ್ ಫಿಕ್ಷನ್ ಅಂದಳು. ನಮಗೆ ಇಷ್ಟವಾದ ಕಥೆಯನ್ನೋ ಧಾರಾವಾಹಿಯನ್ನೋ ಹಿಡಿದು, ಅದೇ ಪಾತ್ರಗಳನ್ನು ಇಟ್ಟುಕೊಂಡು ಮುಂದಿನ ಕಥೆಯನ್ನು ನಾವೇ ಬರೆಯುವುದಂತೆ. ಅಂಥವನ್ನೆಲ್ಲ ಕೂಡಿಸಿ ಕಾಪಾಡುವ ಜಾಲತಾಣವೇ ಇದೆಯಂತೆ. ಇವಳು ಟೀವಿ ಧಾರಾವಾಹಿಯ ಒಬ್ಬ ಕೆಟ್ಟ ಅತ್ತೆಯನ್ನು ತಿದ್ದಿ ಒಳ್ಳೆಯವಳನ್ನಾಗಿ ಮಾಡಿದ್ದಳು. ಪ್ರೇಮಪತ್ರವಲ್ಲ ಎಂದು ತಿಳಿದು ಎದೆ ಹಗುರಾಯಿತು. ಆಮೇಲೆ ಹೇಳಿದೆ, ಇದನ್ನು ನಾವು ಮುರಗೋಡದಲ್ಲಿ ಎಂದೋ ಮಾಡಿ ಬಿಟ್ಟಿದ್ದೇವೆ ಎಂದು.

ಅವಳ ಒತ್ತಾಯಕ್ಕೆ ನೀಲಾಳ ಕಥೆಯನ್ನು ನೆನಪಿದ್ದಷ್ಟು ಬರೆದೆ. ಕೊನೆಯನ್ನೂ ಬರೆದೆ. ಈ ಸಲ ಹೊಸ ಸೀರೆಯ ಮಾತು ಬರಲಿಲ್ಲ. ನೀಲಾ ಬಸ್ಸು ಹತ್ತಿದಳು. ಹತ್ತಿಸಬೇಕೆಂದು ಕೂತವಳಲ್ಲ ನಾನು, ಬರೆಯುತ್ತ ಹೋದರೆ ಅವಳೇ ಹತ್ತಿಬಿಟ್ಟಳು. ಮುರಗೋಡದ ಹುಡುಗಿ ಎಂದು ನನ್ನ ಹೆಸರು ಹಾಕಿಕೊಂಡೆ. ಹುಡುಗಿ ಅನ್ನುವುದಕ್ಕೆ ನನ್ನ ಗಂಡ ಇಂದಿಗೂ ನಗುತ್ತಾರೆ.

ಜಾಲತಾಣದಲ್ಲಿ ಒಂದು ಖಾನೆ ಇತ್ತು, ಮೂಲ ಕಥೆ ಯಾವುದು, ಬರೆದವರು ಯಾರು ಎಂದು. ನನಗೇನು ಗೊತ್ತು? ಹಳೆಯ ವಾರಪತ್ರಿಕೆಗಳಿರುವ ವಾಚನಾಲಯಗಳಲ್ಲಿ ಕೇಳಿದೆ, ಅಂಥ ಧಾರಾವಾಹಿಯನ್ನು ಕಂಡವರೇ ಇಲ್ಲ. ಮಗಳಿಗೆ ಹೆದರಿಕೆ. "ಅವ್ವಾ, ನಾಳೆ ಯಾರರ ಬಂದು ಇದು ನಮ್ಮ ಕಥಿ ಅಂದ್ರ ಏನ ಹೇಳೂಣು?" ಅಂದಳು. ಕಡೆಗೆ, ಒಂದು ವಾರಪತ್ರಿಕೆಯ ಧಾರಾವಾಹಿ, ಹೆಸರು ನೆನಪಿಲ್ಲ ಎಂದು ಬರೆದು ಹಾಕಿದೆವು.

ಹೆದರಿದ ಹಾಗೆಯೇ ಒಬ್ಬರು ಜಗಳಕ್ಕೆ ಬಂದರು. ರಾಮದುರ್ಗದವರು. ಕಥೆ ತಪ್ಪು ಬರೆದಿದ್ದೀರಿ, ನೀಲಾ ನಿಂತದ್ದು ಬೇವಿನ ಮರದ ಕೆಳಗಲ್ಲ, ತೊರಗಲ್ ರಸ್ತೆಯಲ್ಲಿ, ಬೆನ್ನ ಹಿಂದೆ ಕೋಟೆ ಕಾಣುತ್ತಿತ್ತು ಎಂದು ಬರೆದಿದ್ದರು. ನನಗೆ ರೇಗಿತು. ಬೇವಿನ ಮರವನ್ನು ಕಿವಿಯಾರೆ ಕೇಳಿದವಳು ನಾನು ಎಂದು ಉತ್ತರಿಸಿದೆ. ನಡುವೆ ಕಿತ್ತೂರಿನ ಒಬ್ಬರು ತಲೆ ಹಾಕಿದರು. ಇಬ್ಬರೂ ತಪ್ಪು, ನೀಲಾ ಕಿತ್ತೂರ ಹತ್ತಿರದವಳು, ಕಾಯುತ್ತಿದ್ದದ್ದು ಧಾರವಾಡದ ಬಸ್ಸು ಅಂದರು. ಎರಡು ದಿನ ಕಿತ್ತಾಡಿದೆವು. ಕಡೆಗೆ ರಾಮದುರ್ಗದವರು ಕೇಳಿದರು, ನಿಮಗೆ ಈ ಕಥೆ ಓದಿದವರು ಯಾರು ಎಂದು.

ಹೊಲಿಗೆ ಅಕ್ಕೋರು ಎಂದು ಬರೆದೆ.

ಬಾಯಲ್ಲಿ ಲವಂಗ ಇರುತ್ತಿತ್ತೇ ಎಂದು ಕೇಳಿದರು.

ಆಗ ತಿಳಿಯಿತು. ವಾರಪತ್ರಿಕೆ ಇರಲೇ ಇಲ್ಲ. ಅಕ್ಕೋರು ಎಲ್ಲೆಲ್ಲಿ ಕೆಲಸ ಮಾಡಿದರೋ ಅಲ್ಲೆಲ್ಲ ನೀಲಾಳನ್ನು ಪಕ್ಕದ ಹಳ್ಳಿಯ ಹುಡುಗಿ ಮಾಡಿ, ಅದೇ ಬಸ್ಸಿನ ಮುಂದೆ ನಿಲ್ಲಿಸಿ, ಮುಂದಿನದನ್ನು ಹುಡುಗಿಯರಿಗೆ ಬಿಟ್ಟಿದ್ದರು. ರಾಮದುರ್ಗದವರು ಒಮ್ಮೆ ಆ ಕಂದು ಹೊದಿಕೆಯೊಳಗೆ ಇಣುಕಿದ್ದರಂತೆ. ಒಳಗಿದ್ದದ್ದು ಲಂಗ ಕತ್ತರಿಸುವ ಅಳತೆಯ ಪುಸ್ತಕ. ಲಂಗದ ಚಿತ್ರ ನೋಡುತ್ತ ಅಕ್ಕೋರು ನೀಲಾಳ ಕಣ್ಣೀರನ್ನು ಓದಿದ್ದರು! ನಾನು ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕೆ. ಮೂಲ ಲೇಖಕಿಯ ಖಾನೆಯಲ್ಲಿ ಹೊಲಿಗೆ ಅಕ್ಕೋರು ಎಂದು ತುಂಬಿಸಿದೆವು. ಮಗಳ ಹೆದರಿಕೆಯೂ ಹೋಯಿತು.

ಆಮೇಲೆ ಸಾಲುಸಾಲಾಗಿ ಬಂದರು ಅಕ್ಕೋರ ಹುಡುಗಿಯರು, ಎಲ್ಲರಿಗೂ ತಲೆ ನರೆಯುತ್ತಿರುವ ವಯಸ್ಸು. ಸಂಗೊಳ್ಳಿಯಿಂದ ದಿನಾ ಕೆಲಸಕ್ಕೆ ಓಡಾಡುವ ಒಬ್ಬರು ಬಸ್ಸಿನಲ್ಲಿ ಕೂತೇ ತಮ್ಮ ಕೊನೆ ಬರೆದರು. ಒಬ್ಬರು ಅವ್ವನನ್ನೂ ಬಸ್ಸು ಹತ್ತಿಸಿದರು. ಒಬ್ಬರು ನೀಲಾಳನ್ನು ಕಂಡಕ್ಟರ್ ಮಾಡಿದರು. ಶಾಲೆಯಲ್ಲಿದ್ದಾಗ ಏನು ಬರೆದಿದ್ದಿರಿ ಎಂದು ಕೇಳಿದರೆ, ಎಲ್ಲರದೂ ಒಂದೇ ಉತ್ತರ. ಮನೆಗೆ ಕಳಿಸಿದ್ದೆವು.

ಅಕ್ಕೋರು ಎಲ್ಲಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇದ್ದಾರೋ ಇಲ್ಲವೋ... ಅದೂ ಗೊತ್ತಿರಲಿಲ್ಲ.

ಕಳೆದ ವಾರ ಬಂದ ಹೆಣ್ಣುಮಗಳು ಅವರ ತಮ್ಮನ ಮಗಳು. ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಎಂದು ನಾನು ಜಾಲತಾಣದಲ್ಲಿ ಬರೆದದ್ದನ್ನು ನೋಡಿ ಹುಡುಕಿಕೊಂಡು ಬಂದಿದ್ದಳು. ನಿವೃತ್ತಿಯಾದ ಮೇಲೆ ಅಕ್ಕೋರು ಸವದತ್ತಿಯಲ್ಲಿ ಅವಳ ಜೊತೆಗೇ ಇದ್ದರಂತೆ. ಈ ಚಳಿಗಾಲದಲ್ಲಿ ತೀರಿಕೊಂಡರು ಅಂದಳು. ಇಷ್ಟು ಹತ್ತಿರ ಇದ್ದರು, ಒಂದು ಸಲ ಕಾಲಿಗೆ ಬೀಳಲೂ ಆಗಲಿಲ್ಲವಲ್ಲ ಅಂದೆ. ಅವಳು ನನ್ನನ್ನು ಕೂರಿಸಿ ಉಳಿದದ್ದನ್ನು ಹೇಳಿದಳು.

ಜಾಲತಾಣದಲ್ಲಿ ತನ್ನ ಸೋದರತ್ತೆಯ ನೀಲಾಳ ಕಥೆಯನ್ನು ಕಂಡದ್ದು ಅವಳೇ. ಅಕ್ಕೋರಿಗೆ ಆಗಲೇ ಕಣ್ಣು ಮಂಜಾಗಿ ಪುಸ್ತಕ ಓದಲಾಗುತ್ತಿರಲಿಲ್ಲ. ಇವಳು ನಮ್ಮ ಬರಹಗಳನ್ನೆಲ್ಲ ಇ-ರೀಡರಿಗೆ ಹಾಕಿ ಅಕ್ಷರ ದೊಡ್ಡದು ಮಾಡಿ ಕೊಟ್ಟಳು. ಮೊದಲು ಒತ್ತಕ್ಷರಗಳೆಲ್ಲ ಒಡೆದು ಚೆಲ್ಲಾಪಿಲ್ಲಿಯಾಗಿ ಕಂಡವಂತೆ, ಇದನ್ನು ಯಾವ ದಡ್ಡಿ ಬರೆದಳು ಎಂದು ಅಕ್ಕೋರು ಗದರಿದರಂತೆ. ಅದು ಸರಿಯಾದ ಮೇಲೆ ಬೇಸಿಗೆ ಪೂರ್ತಿ ಕಟ್ಟೆಯ ಮೇಲೆ ಕೂತು ಒಂದನ್ನೂ ಬಿಡದೆ ಓದಿದರು. ನಮಗೆ ತಿಳಿಸಲೇ ಎಂದು ಇವಳು ಕೇಳಿದರೆ ಒಪ್ಪಲಿಲ್ಲ.

"ಬ್ಯಾಡ. ನಾ ಓದಾಕತ್ತೇನಿ ಅಂತ ಗೊತ್ತಾದ್ರ ಮತ್ತ ಪರೀಕ್ಷಾ ಬರದಂಗ ಬರೀತಾರ" ಅಂದರಂತೆ.

ನೀಲಾ ಅಂದರೆ ಅಕ್ಕೋರೇ ಏನು ಎಂದು ಕೇಳಿದೆ. ಅವಳು ನಕ್ಕಳು. ಅಕ್ಕೋರನ್ನು ಅವರಪ್ಪನೇ ಬುತ್ತಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದ್ದರಂತೆ. ಅವರಿಗೆ ಅಡ್ಡಬಂದವರೇ ಇರಲಿಲ್ಲ. ನೀಲಾಳನ್ನು ಹುಟ್ಟಿಸಿದ್ದು, ಎದುರಿಗೆ ಸೂಜಿ ಹಿಡಿದು ಕೂತಿದ್ದ ನಮ್ಮನ್ನು ನೋಡಿ.

ಅವಳು ಹೊರಡುವ ಮುನ್ನ ನಾನು ಹೆದರುತ್ತಲೇ ಕೇಳಿದೆ, ಅಕ್ಕೋರು ಓದಿ ಮುಗಿಸಿ ಏನಂದರು ಎಂದು. ಅವಳು ಅತ್ತೆಯ ಹಾಗೇ ಕನ್ನಡಕ ಏರಿಸುವ ನಟನೆ ಮಾಡಿ ಹೇಳಿದಳು. "ಒಬ್ಬಾಕಿನೂ ಹೊಳ್ಳಿ ಮನಿಗೆ ಕಳಿಸಿಲ್ಲ ನೋಡು. ಎಲ್ಲಾರೂ ಬಸ್ ಹತ್ತಿಸ್ಯಾರ. ಆ ಮುರಗೋಡದಾಕಿ ಮಾತ್ರ ಭಾಳ ಉದ್ದ ಬರೀತಾಳ."

ಅಳು ಬಂತು, ನಗುವೂ ಬಂತು. ಅಷ್ಟು ವರ್ಷದ ಮುಳ್ಳು ಹೊರಗೆ ಬಂದಿತ್ತು. ಅಕ್ಕೋರು ಬೇಸರದಲ್ಲಿ ಹೋಗಿರಲಿಲ್ಲ.

ಈಗ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವರ ಇ-ರೀಡರ್ ತೆಗೆಯುತ್ತೇನೆ. ಅಕ್ಷರ ಸಣ್ಣದು ಮಾಡಿಲ್ಲ. ಅವರು ಇಟ್ಟಷ್ಟೇ ದೊಡ್ಡದು, ಒಂದು ಪುಟಕ್ಕೆ ನಾಲ್ಕಾರು ಮಾತು ಹಿಡಿದರೆ ಹೆಚ್ಚು. ನಿನ್ನೆ ನಾನು ಬರೆದದ್ದನ್ನೇ ಅದರಲ್ಲಿ ಓದುತ್ತ ಹೋದೆ. ಒಂದು ಪುಟದಲ್ಲಿ, ಅವ್ವ ಮತ್ತೊಮ್ಮೆ ಕರೆದಳು, ನೀಲಾ ತಿರುಗಿ ನೋಡಿದಳು ಎಂದಷ್ಟೇ ಇತ್ತು. ಪುಟ ಅಲ್ಲಿಗೆ ಮುಗಿದಿತ್ತು. ಮುಂದಿನದು ನಾನೇ ಬರೆದದ್ದಾದರೂ ಬೆರಳು ತಡೆಯಿತು. ಅಕ್ಕೋರೂ ಇಲ್ಲಿ ಹೀಗೇ ತಡೆದಿರಬೇಕು, ಲವಂಗವನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿರಬೇಕು... ಒತ್ತಿದೆ. ಹಳೆಯ ಯಂತ್ರ, ಪರದೆ ಒಮ್ಮೆ ಕಪ್ಪಾಗಿ ಆಮೇಲೆ ತಿಳಿಯಾಯಿತು.

ಹೋಗಿ ಬರತೇನವ್ವಾ ಅಂದಳು. ಬಸ್ಸು ಹತ್ತಿದಳು.